ಮೈಸೂರಿನ ಹಣ, ಲಂಡನ್ನಿನ ವಾದ್ಯವೃಂದ: ಸ್ಟ್ರೌಸ್ ಅವರ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ ಬಗೆ

ರಿಚರ್ಡ್ ಸ್ಟ್ರೌಸ್ ತಮ್ಮ ಯಾವ ಕೃತಿಗೂ ‘ಕೊನೆಯ ನಾಲ್ಕು ಹಾಡುಗಳು’ ಎಂದು ಹೆಸರಿಟ್ಟಿರಲಿಲ್ಲ. 1948ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಅವಧಿಯಲ್ಲಿ, ಎಂಬತ್ನಾಲ್ಕರ ವಯಸ್ಸಿನ ಆಸುಪಾಸಿನಲ್ಲಿದ್ದ ಈ ಜರ್ಮನ್ ಸಂಗೀತ ರಚನಕಾರರು ಸೊಪ್ರಾನೊ (ಹೆಣ್ಣಿನ ಅತಿ ಎತ್ತರದ) ಕಂಠಕ್ಕೂ ದೊಡ್ಡ ವಾದ್ಯವೃಂದಕ್ಕೂ ಹೊಂದುವಂತೆ ನಾಲ್ಕು ಹಾಡುಗಳನ್ನು ಬರೆದು ಮುಗಿಸಿದರು. ಅವುಗಳನ್ನು ಒಂದೇ ಗುಚ್ಛವಾಗಿ ಹಾಡಬೇಕೆಂದಾಗಲಿ, ಯಾವುದು ಮೊದಲು ಯಾವುದು ನಂತರ ಎಂದಾಗಲಿ ಅವರು ಗೊತ್ತುಪಡಿಸಲಿಲ್ಲ. 1949ರ ಸೆಪ್ಟೆಂಬರ್ 8ರಂದು ಅವರು ತೀರಿಕೊಂಡ ಮೇಲೆ, ಬೂಸಿ ಅಂಡ್ ಹಾಕ್ಸ್ ಪ್ರಕಾಶನ ಸಂಸ್ಥೆಯಲ್ಲಿದ್ದ ಅವರ ಸ್ನೇಹಿತ ಎರ್ನ್ಸ್ಟ್ ರೋಥ್ ನಾಲ್ಕನ್ನೂ ಒಟ್ಟುಗೂಡಿಸಿ, ಒಂದು ಕ್ರಮದಲ್ಲಿ ಜೋಡಿಸಿ, ಈ ಶೀರ್ಷಿಕೆ ಕೊಟ್ಟು 1950ರಲ್ಲಿ ಅಚ್ಚು ಹಾಕಿಸಿದರು. ಶೀರ್ಷಿಕೆ ಕಟ್ಟುನಿಟ್ಟಾಗಿ ನೋಡಿದರೆ ಸರಿಯೂ ಅಲ್ಲ. ಅದೇ 1948ರ ನವೆಂಬರಿನಲ್ಲಿ ಸ್ಟ್ರೌಸ್ ‘ಮಾಲ್ವೆನ್’ ಎಂಬ ಇನ್ನೊಂದು ಹಾಡನ್ನು ಪಿಯಾನೊ ಜೊತೆಗಾರಿಕೆಗೆಂದು ಬರೆದು ಗಾಯಕಿ ಮರಿಯಾ ಯೆರಿಟ್ಸಾ ಅವರಿಗೆ ಕೊಟ್ಟಿದ್ದರು. ಆಕೆ ಅದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರಿಂದ, 1982ರಲ್ಲಿ ಅವರ ಮರಣವಾಗುವವರೆಗೂ ಅದು ಲೋಕದ ಕಿವಿಗೆ ಬೀಳಲಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ಕಲ್ಪನೆಯೆಂದರೆ, ಅಲ್ಲಿ ಎಲ್ಲವನ್ನೂ ಮೊದಲೇ ಬರೆದಿಡಲಾಗಿರುತ್ತದೆ, ವಾದಕರು ಅದನ್ನು ಓದಿ ನುಡಿಸಿದರೆ ಮುಗಿಯಿತು, ಮನೋಧರ್ಮಕ್ಕೆ ಅಲ್ಲಿ ಜಾಗವೇ ಇಲ್ಲ ಎಂಬುದು. ಇದು ಅರ್ಧ ಮಾತ್ರ ನಿಜ. ಸ್ವರಗಳನ್ನು ಯಾರೂ ಬದಲಿಸುವುದಿಲ್ಲ ಎಂಬುದು ಹೌದಾದರೂ, ಬರೆದ ಹಾಳೆಗೂ ಕೇಳಿಬರುವ ಸಂಗೀತಕ್ಕೂ ನಡುವೆ ಪ್ರಕಾಶಕರು, ಗಾಯಕಿ, ವಾದ್ಯವೃಂದವನ್ನು ನಡೆಸುವ ಕಂಡಕ್ಟರ್, ವಾದಕರು, ಸಭಾಂಗಣದ ಗೋಡೆ, ಖರ್ಚು ಹೊರುವ ಪೋಷಕ ಇವರೆಲ್ಲ ನಿಂತಿರುತ್ತಾರೆ ಮತ್ತು ಕೃತಿಯ ಸ್ವರೂಪವನ್ನೇ ನಿರ್ಧರಿಸುವ ಹಲವು ತೀರ್ಮಾನಗಳನ್ನು ಅವರೇ ಕೈಗೊಳ್ಳುತ್ತಾರೆ. ಅದನ್ನು ವಿವರಿಸಲು ಸ್ಟ್ರೌಸ್ ಅವರ ಈ ನಾಲ್ಕು ಹಾಡುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅವುಗಳ ಮೊದಲ ಪ್ರದರ್ಶನಕ್ಕೆ ಹಣದ ಭರವಸೆ ಹೋದದ್ದು ಮೈಸೂರಿನಿಂದ ಎಂಬುದು ಕನ್ನಡದ ಓದುಗರಿಗೆ ಇರುವ ಇನ್ನೊಂದು ಕಾರಣ.

ಮೊದಲು ಹಾಡುಗಳ ವಿಚಾರ. ಮೂರು ಹಾಡುಗಳ ಸಾಹಿತ್ಯ ಹರ್ಮನ್ ಹೆಸ್ಸೆ ಅವರದು: ‘ಫ್ರೂಲಿಂಗ್’ ಅಂದರೆ ವಸಂತ, ‘ಸೆಪ್ಟೆಂಬರ್’, ಮತ್ತು ‘ಬೈಮ್ ಶ್ಲಾಫೆನ್‌ಗೇಹನ್’ ಅಂದರೆ ಮಲಗುವ ಹೊತ್ತು. ಹೆಸ್ಸೆ ಅವರ ತಾಯಿ ಭಾರತದಲ್ಲೇ ಹುಟ್ಟಿದವರು, ತಂದೆ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿ ಕೆಲಸ ಮಾಡಿದವರು. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ರಚಿಸಿದವರು. ನಮಗೆ ಕಿಟೆಲ್ ಅವರನ್ನು ಕೊಟ್ಟದ್ದೂ ಅದೇ ಮಿಷನ್. ನಾಲ್ಕನೆಯ ಹಾಡು ‘ಇಮ್ ಆಬೆಂಡ್‌ರೋಟ್’, ಸಂಜೆಗೆಂಪಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಕವಿ ಐಖೆನ್‌ಡಾರ್ಫ್ ಅವರದು. ಸ್ಟ್ರೌಸ್ ಮೊದಲು ಬರೆದು ಮುಗಿಸಿದ್ದು ಇದನ್ನೇ. ಕಷ್ಟಸುಖಗಳಲ್ಲಿ ಕೈ ಹಿಡಿದು ನಡೆದು ಬಂದ ವೃದ್ಧ ದಂಪತಿ ಕತ್ತಲಾಗುತ್ತಿರುವ ಕಣಿವೆಯ ಮೇಲೆ ನಿಂತು, ಎರಡು ಬಾನಾಡಿಗಳು ಮೇಲೇರುವುದನ್ನು ನೋಡುತ್ತಾ, ಇದೇ ಏನು ಸಾವೆಂದರೆ ಎಂದು ಕೇಳಿಕೊಳ್ಳುವ ಕವಿತೆ ಅದು. ಸ್ಟ್ರೌಸ್ ಅವರ ಪತ್ನಿ ಪೌಲೀನಾ ಸ್ವತಃ ಸೊಪ್ರಾನೊ ಗಾಯಕಿ. 1894ರಲ್ಲಿ ಮದುವೆಯಾದ ಆ ಜೋಡಿಗೆ ಆಗ ಐವತ್ತಕ್ಕೂ ಹೆಚ್ಚು ವರ್ಷಗಳ ದಾಂಪತ್ಯ. ಆ ಕಾಲದಲ್ಲಿ ಅವರು ಜರ್ಮನಿ ಬಿಟ್ಟು ಸ್ವಿಟ್ಜರ್ಲೆಂಡಿನ ಹೋಟೆಲುಗಳಲ್ಲಿ ದಿನ ಕಳೆಯುತ್ತಿದ್ದರು. ನಾಜಿ ಆಡಳಿತದ ಮೊದಲ ವರ್ಷಗಳಲ್ಲಿ ಸರ್ಕಾರಿ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದ ಸ್ಟ್ರೌಸ್ ಮೇಲಿನ ವಿಚಾರಣೆ 1948ರಲ್ಲಷ್ಟೇ ಮುಗಿದು ಅವರು ದೋಷಮುಕ್ತರಾದರು. ಹಾಡುಗಳ ನೆಮ್ಮದಿಯ ಧಾಟಿಯನ್ನು ಕೇಳುವಾಗ ಈ ಹಿನ್ನೆಲೆಯನ್ನು ಮರೆಯುವುದು ಸುಲಭ, ಆದರೆ ಮರೆಯಬಾರದು ಎಂದು ನನಗನಿಸುತ್ತದೆ.

ಆ ಸಾವಿನ ಪ್ರಶ್ನೆ ಬರುವ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಾಯಕಿ ಆ ಕೊನೆಯ ಸಾಲನ್ನು ನಿಧಾನವಾಗಿ ಹಾಡಿ ನಿಲ್ಲಿಸುತ್ತಿದ್ದಂತೆ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯ ಒಂದು ಏರುಗತಿಯ ಸ್ವರಗುಚ್ಛವನ್ನು ನುಡಿಸುತ್ತದೆ. ಅದು ಸ್ಟ್ರೌಸ್ ಇಪ್ಪತ್ತೈದರ ವಯಸ್ಸಿನಲ್ಲಿ, 1889ರಲ್ಲಿ, ಬರೆದು ಮುಗಿಸಿದ ‘ಸಾವು ಮತ್ತು ರೂಪಾಂತರ’ ಎಂಬ ವಾದ್ಯವೃಂದ ಕೃತಿಯ ಮುಖ್ಯ ಸ್ವರಗುಚ್ಛ. ಸಾಯುತ್ತಿರುವವನೊಬ್ಬನ ಆತ್ಮ ಬಿಡುಗಡೆ ಪಡೆಯುವುದನ್ನು ತರುಣನಾಗಿದ್ದಾಗ ಕಲ್ಪಿಸಿಕೊಂಡು ಹೊಸೆದ ಧಾಟಿಯನ್ನು, ಸಾವು ನಿಜಕ್ಕೂ ಹತ್ತಿರವಾದಾಗ, ಪ್ರಶ್ನೆಗೆ ಉತ್ತರವೆಂಬಂತೆ ಅವರು ಅಲ್ಲಿ ಇಟ್ಟಿದ್ದಾರೆ. ಪದಗಳು ಉತ್ತರ ಹೇಳುವುದಿಲ್ಲ, ವಾದ್ಯ ಹೇಳುತ್ತದೆ. ಬಳಿಕ ಕೊಳಲುಗಳ ಕಂಪಿತ ಸ್ವರಗಳಲ್ಲಿ ಆ ಎರಡು ಹಕ್ಕಿಗಳು ಮತ್ತೆ ಕೇಳಿಸುತ್ತವೆ. ವಾದ್ಯವೃಂದದ ಹಾಡು ಎಂಬ ಪ್ರಕಾರದಲ್ಲಿ ವಾದ್ಯಗಳು ಪಕ್ಕವಾದ್ಯಗಳಲ್ಲ, ಸಾಹಿತ್ಯ ಹೇಳದೆ ಬಿಟ್ಟದ್ದನ್ನು ಹೇಳುವ ಇನ್ನೊಂದು ದನಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ‘ಸೆಪ್ಟೆಂಬರ್’ ಹಾಡಿನ ಕೊನೆಯಲ್ಲೂ ಗಾಯಕಿ ಸುಮ್ಮನಾದ ಮೇಲೆ ಹಾರ್ನ್ ಒಂಟಿಯಾಗಿ ಮಾತು ಮುಂದುವರಿಸುತ್ತದೆ. ಸ್ಟ್ರೌಸ್ ಅವರ ತಂದೆ ಫ್ರಾಂಟ್ಸ್ ಮ್ಯೂನಿಕ್ಕಿನ ಆಸ್ಥಾನ ವಾದ್ಯವೃಂದದ ಪ್ರಮುಖ ಹಾರ್ನ್ ವಾದಕರಾಗಿದ್ದರು ಎಂಬುದು ಗೊತ್ತಿದ್ದವರಿಗೆ ಆ ಭಾಗ ಬೇರೆಯದೇ ರೀತಿಯಲ್ಲಿ ಕೇಳಿಸುತ್ತದೆ. ‘ಮಲಗುವ ಹೊತ್ತು’ ಹಾಡಿನಲ್ಲಿ ಒಂಟಿ ಪಿಟೀಲು ಮೊದಲು ಒಂದು ನೀಳವಾದ ಧಾಟಿಯನ್ನು ನುಡಿಸುತ್ತದೆ, ಆತ್ಮ ರೆಕ್ಕೆ ಬಿಚ್ಚಿ ಹಾರಲು ಬಯಸುತ್ತದೆ ಎಂಬ ಸಾಲು ಬಂದಾಗ ಗಾಯಕಿ ಅದೇ ಧಾಟಿಯನ್ನು ಎತ್ತಿಕೊಳ್ಳುತ್ತಾರೆ.

ಕರ್ನಾಟಕ ಸಂಗೀತಕ್ಕೆ ಒಗ್ಗಿದ ಕಿವಿಗೆ ಈ ಹಾಡುಗಳಲ್ಲಿ ಮೊದಲು ಎದುರಾಗುವ ತೊಡಕು ಆಧಾರ ಷಡ್ಜದ್ದು. ನಮ್ಮಲ್ಲಿ ತಂಬೂರಿ ಹಿಡಿದಿಟ್ಟ ಷಡ್ಜ ಕಛೇರಿಯುದ್ದಕ್ಕೂ ಕದಲುವುದಿಲ್ಲ, ಪ್ರತಿ ಸ್ವರದ ಅರ್ಥವೂ ಅದಕ್ಕೆ ಸಂಬಂಧಿಸಿಯೇ ಹುಟ್ಟುತ್ತದೆ. ಸ್ಟ್ರೌಸ್ ಅವರಲ್ಲಿ ಆಧಾರವೇ ಸರಿಯುತ್ತಿರುತ್ತದೆ. ‘ವಸಂತ’ ಸಿ ಮೈನರ್‌ನ ಮಬ್ಬಿನಲ್ಲಿ ಆರಂಭವಾಗಿ ಎ ಮೇಜರ್‌ನ ಬೆಳಕಿನಲ್ಲಿ ಮುಗಿಯುತ್ತದೆ (ಸಿ, ಎ ಎಂಬವು ಆಧಾರ ಸ್ವರಗಳ ಹೆಸರು, ಮೈನರ್, ಮೇಜರ್ ಎಂಬವು ಸ್ವರಶ್ರೇಣಿಯ ಬಗೆಗಳು). ಗುಹೆಯ ಕತ್ತಲಲ್ಲಿ ಕನಸು ಕಾಣುತ್ತಿದ್ದವನ ಮುಂದೆ ವಸಂತ ಮೈದೆರೆಯುವ ಕವಿತೆಗೆ ತಕ್ಕಂತೆ ನೆಲವೇ ಬದಲಾಗುತ್ತದೆ. ಗಾಯಕಿ ಹಿಡಿದ ಸ್ವರ ಅದೇ ಇದ್ದರೂ, ಅದರ ಕೆಳಗೆ ವಾದ್ಯಗಳು ಒಟ್ಟಾಗಿ ನುಡಿಸುವ ಸ್ವರಗಳ ಜೋಡಣೆ ಬದಲಾದಾಗ, ಆ ಸ್ವರದ ಭಾವವೂ ಬದಲಾಗಿಬಿಡುತ್ತದೆ. ಹೀಗಾಗಿ ಈ ಸಂಗೀತವನ್ನು ಕೇಳುವಾಗ ಮೇಲಿನ ಧಾಟಿಯೊಂದನ್ನೇ ಹಿಂಬಾಲಿಸಿದರೆ ಅರ್ಧ ಕೇಳಿದ ಹಾಗೆ. ಸೆಲ್ಲೊ, ಡಬಲ್ ಬಾಸ್‌ಗಳ ಕಡೆಗೆ ಒಂದು ಕಿವಿ ಇಟ್ಟಿದ್ದರೆ ಹಾಡು ಯಾವ ಕಡೆಗೆ ತಿರುಗುತ್ತಿದೆ ಎಂಬುದು ಬೇಗ ಹೊಳೆಯುತ್ತದೆ.

ಇನ್ನೊಂದು ಪ್ರಶ್ನೆಯನ್ನು ಹಲವರು ಕೇಳುತ್ತಾರೆ: ಎಂಬತ್ತು ತೊಂಬತ್ತು ವಾದ್ಯಗಳ ಎದುರು ಮೈಕ್ ಇಲ್ಲದೆ ನಿಂತ ಒಬ್ಬ ಗಾಯಕಿಯ ದನಿ ಹಿಂದಿನ ಸಾಲಿಗೆ ತಲುಪುವುದು ಹೇಗೆ? ಬರಿಯ ಜೋರಿನಿಂದ ಅಲ್ಲ. ವಾದ್ಯವೃಂದದ ಶಬ್ದದ ಬಲ ಸೆಕೆಂಡಿಗೆ ಸುಮಾರು 500 ಕಂಪನಗಳ ಆಸುಪಾಸಿನಲ್ಲಿ ಹೆಚ್ಚಿದ್ದು, ಮೇಲೆ ಹೋದಂತೆ ಇಳಿಯುತ್ತದೆ. ನಮ್ಮ ಕಿವಿಯಾದರೋ 2,000ದಿಂದ 4,000 ಕಂಪನಗಳ ನಡುವೆ ಬಲು ಚುರುಕು. ಪಾಶ್ಚಾತ್ಯ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ಪದ್ಧತಿಯಲ್ಲಿ ಪಳಗಿದ ಗಾಯಕರು, ಮುಖ್ಯವಾಗಿ ಗಂಡು ಕಂಠದವರು, ಗಂಟಲ ಕುಹರವನ್ನು ಹೊಂದಿಸಿಕೊಂಡು ಶಾರೀರದ ಶಕ್ತಿಯನ್ನು 3,000ದ ಸುತ್ತಮುತ್ತ ಕೇಂದ್ರೀಕರಿಸುತ್ತಾರೆ, ಅಂದರೆ ವಾದ್ಯಗಳು ಖಾಲಿ ಬಿಟ್ಟ ಜಾಗದಲ್ಲಿ ಹಾಡುತ್ತಾರೆ. ಸೊಪ್ರಾನೊಗಳು ಮೇಲಿನ ಸ್ಥಾಯಿಯಲ್ಲಿ ಬೇರೆಯೇ ಉಪಾಯ ಮಾಡುತ್ತಾರೆ. ‘ವಸಂತ’ದ ಅತಿ ಎತ್ತರದ ಸ್ವರಕ್ಕೆ ಸೆಕೆಂಡಿಗೆ 980ಕ್ಕೂ ಹೆಚ್ಚು ಕಂಪನಗಳು, ಅಷ್ಟು ಮೇಲೆ ಹೋದಾಗ ಬಾಯಿಯ ತೆರವನ್ನೇ ಆ ಸ್ವರಕ್ಕೆ ಅನುರಣಿಸುವಂತೆ ಹಿಗ್ಗಿಸಬೇಕಾಗುತ್ತದೆ. ಆಗ ಅ, ಇ, ಉಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಆ ಎತ್ತರದಲ್ಲಿ ಸಾಹಿತ್ಯ ತಿಳಿಯದೇ ಹೋದರೆ ಅದು ಗಾಯಕಿಯ ಉಚ್ಚಾರದ ದೋಷವಲ್ಲ, ಶಬ್ದಶಾಸ್ತ್ರದ ನಿಯಮ. ಸ್ಟ್ರೌಸ್ ಇದನ್ನು ಚೆನ್ನಾಗಿ ಬಲ್ಲವರಾದ್ದರಿಂದಲೇ ಅರ್ಥಕ್ಕೆ ಮುಖ್ಯವಾದ ಪದಗಳನ್ನು ಬಹುಮಟ್ಟಿಗೆ ಮಧ್ಯಸ್ಥಾಯಿಯಲ್ಲಿಟ್ಟು, ಅಲ್ಲಿ ವಾದ್ಯಗಳನ್ನು ತೆಳುವಾಗಿಸುತ್ತಾರೆ.

ಕಂಡಕ್ಟರ್ ಕೆಲಸವನ್ನು ತಾಳ ಹಾಕುವುದೆಂದು ತಿಳಿಯುವವರಿದ್ದಾರೆ. ವಾದಕರಿಗೆ ತಮ್ಮ ತಮ್ಮ ವಾದ್ಯದ ಹಾಳೆ ಮಾತ್ರ ಎದುರಿಗಿರುತ್ತದೆ, ಇಡೀ ಕೃತಿಯ ಎಲ್ಲ ಸಾಲುಗಳೂ ಒಟ್ಟಿಗೆ ಕಾಣುವುದು ಕಂಡಕ್ಟರ್ ಮುಂದಿನ ಪುಸ್ತಕದಲ್ಲಿ ಮಾತ್ರ. ಹಾರ್ನ್ ಎಷ್ಟು ಮೆತ್ತಗೆ ನುಡಿದರೆ ಗಾಯಕಿ ಕೇಳಿಸುತ್ತಾರೆ, ಪಿಟೀಲುಗಳು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿಗೆ ವೇಗ ಸಡಿಲವಾಗಬೇಕು ಎಂಬುದನ್ನು ತಾಲೀಮಿನಲ್ಲೇ ತೀರ್ಮಾನಿಸಿ, ಸಭೆಯಲ್ಲಿ ಕೈಯಿಂದ ಮತ್ತು ಕಣ್ಣಿಂದ ನೆನಪಿಸುತ್ತಾರೆ. ವೇಗದ ಮಾತಿಗೆ ಬಂದರೆ, ಬರೆದಿಟ್ಟ ಸಂಗೀತ ಎಷ್ಟು ತೆರೆದುಕೊಂಡಿದೆ ಎಂಬುದಕ್ಕೆ ‘ಸಂಜೆಗೆಂಪಿನಲ್ಲಿ’ ಹಾಡೇ ಸಾಕ್ಷಿ. ಅದರ ಮೇಲೆ ಸ್ಟ್ರೌಸ್ ಬರೆದ ಸೂಚನೆ ‘ಆಂಡಾಂಟೆ’, ಅಂದರೆ ನಡಿಗೆಯ ಗತಿ. 1953ರಲ್ಲಿ ಗಾಯಕಿ ಲಿಸಾ ಡೆಲ್ಲಾ ಕಾಸಾ ಅವರು ಕಂಡಕ್ಟರ್ ಕಾರ್ಲ್ ಬೋಮ್ ಜೊತೆ ಧ್ವನಿಮುದ್ರಿಸಿದಾಗ ಆ ಹಾಡು ಸುಮಾರು ಆರು ನಿಮಿಷದಲ್ಲಿ ಮುಗಿಯಿತು. 1982ರಲ್ಲಿ ಜೆಸ್ಸಿ ನಾರ್ಮನ್ ಅವರು ಕುರ್ಟ್ ಮಜೂರ್ ನಡೆಸಿದ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದದೊಂದಿಗೆ ಹಾಡಿದಾಗ ಸುಮಾರು ಹತ್ತು ನಿಮಿಷ ತೆಗೆದುಕೊಂಡಿತು. ಸ್ವರ ಒಂದೂ ಬದಲಾಗಿಲ್ಲ. ಮೊದಲನೆಯದರಲ್ಲಿ ದಂಪತಿ ಇನ್ನೂ ನಡೆಯುತ್ತಿದ್ದಾರೆ, ಎರಡನೆಯದರಲ್ಲಿ ಆಗಲೇ ನಿಂತುಬಿಟ್ಟಿದ್ದಾರೆ. ನನ್ನ ಒಲವು ಮೊದಲನೆಯದರ ಕಡೆಗೆ, ಆದರೆ ನಾರ್ಮನ್ ಅವರ ಉಸಿರಿನ ಹಿಡಿತಕ್ಕೆ ಬೆರಗಾಗದೆ ಇರುವುದು ಕಷ್ಟ.

ಇನ್ನು ಹಣದ ವಿಷಯ. ವಾದ್ಯವೃಂದ ಎಂದೂ ಟಿಕೆಟ್ಟಿನಿಂದಷ್ಟೇ ಬದುಕಿದ್ದಲ್ಲ. ನೂರರ ಹತ್ತಿರದ ವಾದಕರ ಸಂಬಳ, ತಾಲೀಮಿನ ಅವಧಿಗಳು, ಸಭಾಂಗಣದ ಬಾಡಿಗೆ, ಪ್ರಕಾಶಕರಿಂದ ಬಾಡಿಗೆಗೆ ತರುವ ಹಾಳೆಗಳು, ಹೆಸರಾಂತ ಗಾಯಕಿ ಮತ್ತು ಕಂಡಕ್ಟರ್ ಸಂಭಾವನೆ ಇವೆಲ್ಲವನ್ನು ಸೇರಿಸಿದರೆ, ತುಂಬಿದ ಸಭೆಯೂ ಖರ್ಚು ಗಿಟ್ಟಿಸುವುದು ಅಪರೂಪ. ಜರ್ಮನಿಯಲ್ಲಿ ಆ ಹೊರೆಯನ್ನು ಮೊದಲು ಅರಸುಮನೆತನಗಳು, ಆಮೇಲೆ ನಗರ ಮತ್ತು ಸರ್ಕಾರಗಳು ಹೊತ್ತವು. ಲಂಡನ್ನಿನಲ್ಲಿ ಅಂಥ ಆಶ್ರಯ ತೆಳುವಾಗಿತ್ತು. ಅಲ್ಲಿ 1945ರಲ್ಲಿ ಇಎಂಐ ಧ್ವನಿಮುದ್ರಣ ಕಂಪನಿಯ ವಾಲ್ಟರ್ ಲೆಗ್, ಮುಖ್ಯವಾಗಿ ರೆಕಾರ್ಡಿಂಗಿಗೆಂದೇ, ಫಿಲ್ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು ಕಟ್ಟಿದರು. ವಾದಕರ ಆಯ್ಕೆಯಲ್ಲಿ ಅವರು ರಾಜಿ ಮಾಡಿಕೊಳ್ಳುವವರಲ್ಲ. ಡೆನಿಸ್ ಬ್ರೈನ್‌ರಂಥ ಹಾರ್ನ್ ವಾದಕ ಅದರಲ್ಲಿದ್ದರು. 1947ರ ಅಕ್ಟೋಬರಿನಲ್ಲಿ ಲಂಡನ್ನಿಗೆ ಬಂದ ಸ್ಟ್ರೌಸ್ ಸ್ವತಃ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಈ ವಾದ್ಯವೃಂದವನ್ನು ನಡೆಸಿದ್ದೂ ಉಂಟು. ವಾದಕರೇನೋ ಸಿಕ್ಕರು, ಸಾರ್ವಜನಿಕ ಕಛೇರಿಗಳನ್ನು ನಡೆಸುವ ಹಣ ಸಿಗಬೇಕಿತ್ತು.

ಅದು ಸಿಕ್ಕಿದ್ದು ಮೈಸೂರಿನಲ್ಲಿ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರು ಚಿಕ್ಕಂದಿನಿಂದ ಪಿಯಾನೊ ಕಲಿತವರು. ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದಲೇ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಇತ್ತು, ಅದನ್ನು ತಿದ್ದಲು ಒಟ್ಟೋ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರಿದ್ದರು. ಪಿಯಾನೊ ವಾದಕರಾಗಿ ವೇದಿಕೆ ಏರುವ ಆಸೆ ಜಯಚಾಮರಾಜರಿಗಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡದ್ದರಿಂದ ಪಟ್ಟವೇರಬೇಕಾಯಿತು, ಆ ಆಸೆ ಅಲ್ಲಿಗೆ ನಿಂತಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದ ಅವರನ್ನು 1945ರಲ್ಲಿ ಅಲ್ಲಿಯ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಆಗಿ ಆಯ್ಕೆ ಮಾಡಿತು. ನಮಗೆ ಅವರು ಹೆಚ್ಚು ಪರಿಚಿತರಾಗಿರುವುದು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳ ವಾಗ್ಗೇಯಕಾರರಾಗಿ. ಪಾಶ್ಚಾತ್ಯ ಸಂಗೀತದ ಚರಿತ್ರೆಕಾರರಿಗೆ ಗೊತ್ತಿರುವುದು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಪೋಷಕರಾಗಿ. ಮಹಾರಾಜರ ಹಣದಿಂದ ಸ್ಥಾಪನೆಯಾದ ಮೆಟ್ನರ್ ಸೊಸೈಟಿಯ ಮೂಲಕ, ವೃದ್ಧರೂ ಕಾಯಿಲಸ್ಥರೂ ಆಗಿದ್ದ ಮೆಟ್ನರ್ ತಮ್ಮ ಮೂರು ಪಿಯಾನೊ ಕಂಚೆರ್ಟೊಗಳನ್ನು (ಒಂಟಿ ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿಗಳನ್ನು) ಫಿಲ್ಹಾರ್ಮೋನಿಯಾದ ಜೊತೆ ತಾವೇ ನುಡಿಸಿ ಮುದ್ರಿಸಿದರು. ಮೂರನೆಯ ಕಂಚೆರ್ಟೊ ಮಹಾರಾಜರಿಗೇ ಅರ್ಪಿತವಾಗಿದೆ. ಮೆಟ್ನರ್ ಹೆಸರನ್ನು ಆಗ ಅಂಗಡಿಗಳಲ್ಲಿ ಕೇಳುವವರೇ ಇರಲಿಲ್ಲ. ಮಾರಾಟವಾಗದ ಸಂಗೀತವನ್ನು ಉಳಿಸುವುದೇ ಪೋಷಕರ ನಿಜವಾದ ಉಪಯೋಗ ಎಂದು ಮಹಾರಾಜರು ಅರಿತಿದ್ದಂತೆ ಕಾಣುತ್ತದೆ. 1949ರಲ್ಲಿ ಕಂಡಕ್ಟರ್ ಕಾರಯನ್ ನಡೆಸಿದ, ರಷ್ಯಾದ ಬಾಲಾಕಿರೆವ್ ಬರೆದ ಸಿಂಫನಿಯ ಧ್ವನಿಮುದ್ರಣದ ಹಿಂದೆಯೂ ಮೈಸೂರಿನ ನೆರವಿತ್ತು. 1948ರಲ್ಲಿ ಮಹಾರಾಜರು ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

ತಮ್ಮ ಹೊಸ ಹಾಡುಗಳನ್ನು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ ಮೊದಲು ಹಾಡಬೇಕು, ಉತ್ತಮ ದರ್ಜೆಯ ಕಂಡಕ್ಟರ್ ಮತ್ತು ವಾದ್ಯವೃಂದ ಜೊತೆಗಿರಬೇಕು ಎಂದು ಸ್ಟ್ರೌಸ್ ಆಕೆಗೆ ಪತ್ರ ಬರೆದಿದ್ದರು. ಅದು ನಡೆಯುವಂತೆ ಮಾಡಲು ಮಹಾರಾಜರು 4,800 ಡಾಲರುಗಳ ಖಾತರಿ ಕೊಟ್ಟರು. ಅದಕ್ಕೆ ಪ್ರತಿಯಾಗಿ ಅವರಿಗೆ ಬೇಕಿದ್ದದ್ದು ಆ ಕಛೇರಿಯ ಧ್ವನಿಮುದ್ರಣ: ಸುಮಾರು 20,000 ಗ್ರಾಮಫೋನ್ ಪ್ಲೇಟುಗಳಿದ್ದವೆನ್ನಲಾದ ತಮ್ಮ ಸಂಗ್ರಹಕ್ಕೆ ಅದನ್ನು ಮೈಸೂರಿಗೆ ಕಳಿಸಿಕೊಡಬೇಕೆಂಬುದು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫ್ಲಾಗ್‌ಸ್ಟಾಡ್ ಹಾಡಿದರು, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಫಿಲ್ಹಾರ್ಮೋನಿಯಾವನ್ನು ನಡೆಸಿದರು. ಮಹಾರಾಜರು ಬರಲಾಗಲಿಲ್ಲ. ಪೌಲೀನಾ ಒಂಬತ್ತು ದಿನಗಳ ಹಿಂದೆ, ಮೇ 13ರಂದು, ತೀರಿಕೊಂಡಿದ್ದರು. ಹೀಗೆ ಬರೆದವರು, ಯಾರ ಬದುಕನ್ನು ನೆನೆದು ಬರೆದಂತಿದೆಯೋ ಅವರು, ಹಣ ಕೊಟ್ಟವರು ಮೂವರೂ ಇಲ್ಲದೆ ಕೃತಿ ಸಭೆಗೆ ಬಂತು. ಐದು ಸಾವಿರಕ್ಕೂ ಹೆಚ್ಚು ಜನ ಕೂರುವ ಆ ದುಂಡನೆಯ ಕಟ್ಟಡದ ಪ್ರತಿಧ್ವನಿ ಆಗ ಕುಖ್ಯಾತ. ಹೊಸ ಕೃತಿಯನ್ನು ಎರಡೆರಡು ಸಲ ಕೇಳುವ ಭಾಗ್ಯ ಅಲ್ಲಿ ಮಾತ್ರ ಸಿಗುತ್ತದೆ ಎಂಬ ಚಟಾಕಿ ಲಂಡನ್ನಿನಲ್ಲಿ ಓಡಾಡುತ್ತಿತ್ತು. ಛಾವಣಿಗೆ ಅಣಬೆಯಾಕಾರದ ತಟ್ಟೆಗಳನ್ನು ತೂಗುಹಾಕಿ ಅದನ್ನು ಸರಿಪಡಿಸಿದ್ದು 1969ರಲ್ಲಿ.

ಆ ಸಂಜೆ ಹಾಡುಗಳು ಬಂದ ಕ್ರಮ ಹೀಗಿತ್ತು: ಮಲಗುವ ಹೊತ್ತು, ಸೆಪ್ಟೆಂಬರ್, ವಸಂತ, ಸಂಜೆಗೆಂಪಿನಲ್ಲಿ. ರೋಥ್ ಅಚ್ಚು ಹಾಕಿಸಿದ ಕ್ರಮದಲ್ಲಿ ವಸಂತ ಮೊದಲು, ಆಮೇಲೆ ಸೆಪ್ಟೆಂಬರ್, ನಂತರ ಮಲಗುವ ಹೊತ್ತು, ಕೊನೆಗೆ ಸಂಜೆಗೆಂಪು. ಅಚ್ಚಿನ ಕ್ರಮ ಋತುವಿನಿಂದ ಋತುವಿಗೆ, ಅಲ್ಲಿಂದ ನಿದ್ದೆಗೆ, ನಿದ್ದೆಯಿಂದ ಸಾವಿಗೆ ಇಳಿಯುವ ಒಂದು ಕಥೆಯನ್ನು ಹೇಳುತ್ತದೆ, ಈಗ ಲೋಕವೆಲ್ಲ ಕೇಳುವುದು ಆ ಕಥೆಯನ್ನೇ. ಮೊದಲ ಪ್ರದರ್ಶನದ ಕ್ರಮದಲ್ಲಿ ಅಂಥ ಇಳಿಜಾರಿಲ್ಲ. ದಣಿವು ಮೊದಲು ಬರುತ್ತದೆ, ವಸಂತ ಆಮೇಲೆ ನೆನಪಿನಂತೆ ಬಂದು ಹೋಗುತ್ತದೆ. ಡೆಲ್ಲಾ ಕಾಸಾ ಮತ್ತು ಬೋಮ್ ಕೂಡ ಈ ಹಳೆಯ ಕ್ರಮವನ್ನೇ ಅನುಸರಿಸಿದರು. ಅಚ್ಚಾದ ಕ್ರಮ ಹೆಚ್ಚು ಒಪ್ಪವಾಗಿದೆ ಎಂಬುದು ನಿಜವೇ, ಅದು ಒಬ್ಬ ಒಳ್ಳೆಯ ಸಂಪಾದಕರ ಕೆಲಸ. ಸ್ಟ್ರೌಸ್ ಅವರ ಅಂತಿಮ ಸಂದೇಶವೆಂದು ಅದರ ಮೇಲೆ ವ್ಯಾಖ್ಯಾನ ಕಟ್ಟುವವರು ಮಾತ್ರ ಸ್ವಲ್ಪ ಎಚ್ಚರ ವಹಿಸಬೇಕು.

ಧ್ವನಿಮುದ್ರಣ ಆದದ್ದು ಅಸಿಟೇಟ್ ಪ್ಲೇಟುಗಳ ಮೇಲೆ. ಲೋಹದ ತಟ್ಟೆಗೆ ಮೃದುವಾದ ಅರಗಿನಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ನೇರವಾಗಿ ಗೆರೆ ಕೊರೆಯುವ ವಿಧಾನ ಅದು. ಕೊರೆದ ಕೂಡಲೇ ಕೇಳಬಹುದು, ಆದರೆ ಪ್ರತಿ ಸಲ ನುಡಿಸಿದಾಗಲೂ ಮುಳ್ಳು ಆ ಮೆತ್ತನೆಯ ಗೆರೆಯನ್ನು ಒಂದಿಷ್ಟು ಸವೆಸುತ್ತದೆ. ಎಲ್‌ಪಿಗೆ ವರ್ಗಾಯಿಸುವ ಹೊತ್ತಿಗೆ ಈ ಪ್ಲೇಟುಗಳು ಬಹಳ ಸವೆದುಹೋಗಿದ್ದವು, ಹೊರಬಂದ ಎಲ್‌ಪಿಯನ್ನು ಯಾರೂ ಮೆಚ್ಚಲಿಲ್ಲ. 2007ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಡಿಜಿಟಲ್ ತಂತ್ರದಿಂದ ಅದನ್ನು ಶುದ್ಧೀಕರಿಸಿದ ಮೇಲೆ ಕೇಳಲು ತಕ್ಕಮಟ್ಟಿಗೆ ಸಹನೀಯವಾಗಿದೆ. ಮೊದಲ ಸಲ ಈ ಹಾಡುಗಳನ್ನು ಕೇಳುವವರಿಗೆ ನಾನು ಅದನ್ನು ಸೂಚಿಸಲಾರೆ. ಡೆಲ್ಲಾ ಕಾಸಾ ಅಥವಾ ನಾರ್ಮನ್ ಅವರಿಂದ ಆರಂಭಿಸುವುದು ಒಳ್ಳೆಯದು. ಹಾಡುಗಳು ಕಿವಿಗೆ ಹತ್ತಿದ ಮೇಲೆ ಆ ಹಳೆಯ ಮುದ್ರಣಕ್ಕೆ ಹೋದರೆ, ಕರಕರ ಸದ್ದಿನ ನಡುವೆ ಐವತ್ತನಾಲ್ಕರ ಫ್ಲಾಗ್‌ಸ್ಟಾಡ್ ಅವರ ಭಾರವಾದ, ವಾಗ್ನರ್ ಒಪೆರಾಗಳಲ್ಲಿ ಪಳಗಿದ ಶಾರೀರ ಕೇಳಿಸುತ್ತದೆ. ಇಂದಿನ ಬಹುಪಾಲು ಗಾಯಕಿಯರ ದನಿ ಅದಕ್ಕಿಂತ ಹಗುರ, ಹೊಳಪು ಹೆಚ್ಚು. ಸ್ಟ್ರೌಸ್ ತಮ್ಮ ಮೊದಲ ಗಾಯಕಿಯಾಗಿ ಕೇಳಿದ್ದು ಈ ದೊಡ್ಡ, ಗಾಢವಾದ ದನಿಯನ್ನು.